ಕುರಿಗೆ ಇಲ್ಲದ ಎಲುಬು

ಹಿಟ್ನಾಳದ ಹಂಪಣ್ಣ ಮಾಸ್ತರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಎಲುಬಿನ ಪಾಠ ಮಾಡಿದರು, ಒಂದು ಎಲುಬನ್ನೂ ಮುಟ್ಟದೆ. ಮನುಷ್ಯನ ಕೈ, ಎತ್ತಿನ ಮುಂಗಾಲು, ಬಾವಲಿಯ ರೆಕ್ಕೆ ಎಲ್ಲವೂ ಒಂದೇ ಮೂಲದವು. ಮೇಲೆ ಒಂದು ಎಲುಬು, ಕೆಳಗೆ ಎರಡು, ಆಮೇಲೆ ಮಣಿಕಟ್ಟು, ಬೆರಳು ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿ ತೋರಿಸುತ್ತಿದ್ದರು. ಮೊಟ್ಟೆ ಅಂಗಡಿ ಎದುರಾದರೂ ಮೂಗು ಮುಚ್ಚುವ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ವಿಜ್ಞಾನ ಬೇಕಾಗಿರಲಿಲ್ಲ.

ಆದರೆ ಕೊಪ್ಪಳದ ವಿಜ್ಞಾನ ಪ್ರದರ್ಶನದಲ್ಲಿ ಮೊದಲ ಬಹುಮಾನ ಒಮ್ಮೆಯೂ ಬಂದಿರಲಿಲ್ಲ. ನಿವೃತ್ತಿಗೆ ಮೊದಲು ಇದೇ ಕೊನೆಯ ವರ್ಷ. ಈ ಸಲ ನಿಜವಾದ ಎಲುಬುಗಳನ್ನೇ ಇಟ್ಟು ಎಲ್ಲರ ಬಾಯಿ ಮುಚ್ಚಿಸಬೇಕೆಂದು ಮಾಸ್ತರು ಹಟ ಹಿಡಿದರು. ಯಾರಿಗೂ ಗುರುತು ಸಿಗಬಾರದೆಂದು ಹೆಲ್ಮೆಟ್ ತೆಗೆಯದೆ ರಫೀಯ ಮಟನ್ ಅಂಗಡಿಗೆ ಹೋಗಿ, ಒಂದು ಕುರಿಯ ಮುಂಭಾಗದ ಎಲುಬುಗಳನ್ನು ತಂದರು. ಹೆಂಡತಿ ಸುರೇಖಾ ಅವನ್ನು ಹೊಸ್ತಿಲು ದಾಟಗೊಡಲಿಲ್ಲ.

"ದನದ ಕೊಟ್ಟಿಗ್ಯಾಗ ಇಟ್ಕೋರಿ. ಜಳಕಾ ಮಾಡೇ ಒಳಗ ಬರ್ರಿ," ಎಂದಳು.

ಕೊಟ್ಟಿಗೆಯಲ್ಲಿ ತಂತಿ ಹಿಡಿದು ಜೋಡಿಸುತ್ತ ಹೋದರೆ ಹೆಗಲನ್ನು ಎದೆಗೆ ಕಟ್ಟುವ ಕೊರಳೆಲುಬೇ ಇಲ್ಲ. ಅವರ ನೋಟ್ಸಿನಲ್ಲಿ ಅದು ಎಲ್ಲ ಪ್ರಾಣಿಗೂ ಇತ್ತು. ಮಾಸ್ತರಿಗೆ ಸಿಟ್ಟು ನೆತ್ತಿಗೇರಿತು. ನೇರ ಮಟನ್ ಅಂಗಡಿಗೆ ಹೋದರು.

"ರಫೀ, ಒಂದು ಎಲುಬು ಇಟ್ಕೊಂಡೀ ಏನಪಾ?"

ರಫೀ ಕಟ್ಟಿಹಾಕಿದ್ದ ಟಗರನ್ನು ಎಳೆದು ತಂದು, ಮಾಸ್ತರ ಕೈಯನ್ನು ಅದರ ಹೆಗಲ ಸಂದಿಗೆ ಒತ್ತಿದ. "ನೋಡ್ರಿ ಸರ. ಮುಂಗಾಲು ಬರೇ ಮಾಂಸದ ಮ್ಯಾಲ ನಿಂತೈತಿ. ಇಷ್ಟು ವರ್ಷ ಕಡ್ದೀನಿ, ಇಲ್ಲಿ ಕತ್ತಿಗೆ ಎಲುಬು ತಾಕಿಲ್ರಿ."

ಬೆರಳಿಗೆ ಬೆಚ್ಚಗಿನ ಮಾಂಸವಷ್ಟೇ ಸಿಕ್ಕಿತು. ಮರ ಹತ್ತುವ, ಹಿಡಿಯುವ ಕೈಗೆ ಆ ಎಲುಬು ಬೇಕು. ಓಡುವ ಕಾಲಿಗೆ ಅದು ಅಡ್ಡಿ, ಲಕ್ಷಾಂತರ ವರ್ಷಗಳಲ್ಲಿ ಸವೆದುಹೋಗಿದೆ ಎಂಬುದು ಮಾಸ್ತರಿಗೆ ಅಲ್ಲೇ ಹೊಳೆಯಿತು. ಭಾರೀ ಸಂತೋಷವಾಯಿತು. ಮೂವತ್ತು ವರ್ಷದ ನೋಟ್ಸು ನೆನೆದು ನಾಚಿಕೆಯೂ ಆಯಿತು. ಟಗರು ಮಾತ್ರ ಕೈ ತೆಗೆದರೆ ಸಾಕೆಂಬಂತೆ ನಿಂತಿತ್ತು.

ಪ್ರದರ್ಶನದಲ್ಲಿ ತೀರ್ಪುಗಾರನಾಗಿ ಬಂದವನು ಸಿದ್ದೇಶ, ಮಾಸ್ತರ ಹಳೆಯ ಶಿಷ್ಯ, ಈಗ ಗೆಜೆಟೆಡ್ ಅಧಿಕಾರಿ. ಎಲುಬುಗಳನ್ನು ಬೆರಳಿಟ್ಟು ಎಣಿಸಿದ.

"ಕೊರಳೆಲುಬು ಇಲ್ಲಲ್ರಿ ಸರ?"

"ಕುರಿಗೆ ಅದು ಇರಂಗಿಲ್ಲಪಾ. ನಾನ ಮುಟ್ಟಿ ನೋಡೀನಿ."

ಸಿದ್ದೇಶ ಭಕ್ತಿಯಿಂದ ನಕ್ಕ. "ನನ್ನ ಪರೀಕ್ಷಾ ಮಾಡಾಕತ್ತೀರಿ ಹೌದಲ್ರಿ? ಎಲ್ಲಾ ಪ್ರಾಣಿಗೂ ಐತಿ ಅಂತ ನೀವ ಬರಸೀರಿ. ಒಮ್ಮೆ ನಾ ಬರೀಲಿಲ್ಲಂತ ಒಂದು ಮಾರ್ಕ್ಸ್ ಕಡದಿದ್ರಿ. ಇವತ್ತಿಗೂ ಮರತಿಲ್ಲ."

ಮಾಸ್ತರ ಕಾಲು ಮುಟ್ಟಿ ನಮಸ್ಕರಿಸಿ, ಹಾಳೆಯಲ್ಲಿ ಒಂದು ಅಂಕ ಕಳೆದ. ಆ ಒಂದು ಅಂಕದಿಂದಲೇ ಮೊದಲ ಬಹುಮಾನ ಪಕ್ಕದ ಮೇಜಿನ ಥರ್ಮಾಕೋಲ್ ಕುರಿಗೆ ಹೋಯಿತು. ಅದನ್ನು ಮಾಡಿದವನೂ ಮಾಸ್ತರ ಶಿಷ್ಯನೇ. ಕೊರಳೆಲುಬನ್ನು ಕೆಂಪು ಬಣ್ಣ ಬಳಿದು ಎದ್ದು ಕಾಣುವಂತೆ ಕೂರಿಸಿದ್ದ.