ನನ್ನ ಕೈಯಲ್ಲಿದ್ದ ಎರಡನೆಯ ಲಾಠಿ

ಸೌಭಾಗ್ಯ ಬಂದೋಬಸ್ತ್ ಬಿಟ್ಟು ಓಡಿಹೋಗಲಿಲ್ಲ. ನನ್ನನ್ನು ಕೇಳಿ, ತನ್ನ ಲಾಠಿಯನ್ನು ನನ್ನ ಕೈಗೆ ಕೊಟ್ಟು ಹೋದಳು. ಹೋಗು ಎಂದವಳು ನಾನು. ಆಮೇಲೆ ಇನ್ಸ್‌ಪೆಕ್ಟರ ಮುಂದೆ, ಅನಂತರ ವಿಚಾರಣೆಯ ಕೋಣೆಯಲ್ಲಿ, ಅವಳು ನನಗೆ ಹೇಳದೆ ಹೋದಳು ಎಂದವಳೂ ನಾನೇ. ಹದಿನಾಲ್ಕು ವರ್ಷ ಮುಚ್ಚಿಟ್ಟ ಸಂಗತಿ ಇಷ್ಟೇ. ಹೇಳಲು ಅರ್ಧ ನಿಮಿಷ ಸಾಕಿತ್ತು.

ಜಿಲ್ಲೆಯ ಮಹಿಳಾ ಸಿಬ್ಬಂದಿಯ ಸ್ಮರಣ ಸಂಚಿಕೆಗೆ ‘ಮಹಿಳಾ ಪೊಲೀಸರ ಹೆಮ್ಮೆ ಮತ್ತು ಒಡನಾಟ’ ಕುರಿತು ಎರಡು ಪುಟ ಬರೆದುಕೊಡಿ ಎಂದು ನೀವು ಕೇಳಿದಿರಿ. ‘ಶಿಸ್ತಿಗೆ ಹೆಸರಾದ ನಿವೃತ್ತ ಸಹಾಯಕ ಸಬ್ ಇನ್ಸ್‌ಪೆಕ್ಟರ್’ ಎಂದು ನನ್ನ ಪರಿಚಯವನ್ನೂ ನೀವೇ ಬರೆದು ಕಳಿಸಿದಿರಿ. ಶಿಸ್ತು. ಬೆಳಗ್ಗೆ ನಾಲ್ಕೂವರೆಗೆ ಏಳುವುದು, ಬೂಟು ಹೊಳೆಸುವುದು, ಇಸ್ತ್ರಿ ಗೆರೆ ಎರಡಾಗದಂತೆ ನೋಡಿಕೊಳ್ಳುವುದು — ಇದನ್ನು ಒಂದು ಗೋಡೆ ಗಡಿಯಾರವೂ ಒಬ್ಬ ದೋಬಿಯೂ ಸೇರಿ ಮಾಡಬಲ್ಲರು. ಅಷ್ಟಕ್ಕೇ ಮೂವತ್ತು ವರ್ಷ ಎಲ್ಲರನ್ನೂ ಕೀಳಾಗಿ ಕಂಡೆ.

ಒಡನಾಟ ಎಂದಿರಲ್ಲ, ಅದು ನಮ್ಮಲ್ಲಿ ಹೇಗಿತ್ತೆಂದು ಹೊಸಬರಿಗೆ ಹೇಳಬೇಕು. ಬಂದೋಬಸ್ತ್ ದಿನ ಗಂಡಸರಿಗೆ ಯಾವ ಮರವೂ ಆದೀತು, ಯಾವ ಗೋಡೆಯೂ ಆದೀತು. ಹೆಂಗಸರು ಹಿಂದಿನ ಸಂಜೆಯಿಂದಲೇ ನೀರು ಕಡಿಮೆ ಮಾಡುತ್ತಿದ್ದರು. ಆದರೂ ದೇಹ ಡ್ಯೂಟಿ ಪಟ್ಟಿ ನೋಡಿ ನಡೆಯುವುದಿಲ್ಲ. ಹೋಗಲೇಬೇಕಾದಾಗ ಪಕ್ಕದವಳ ಕೈಗೆ ತನ್ನ ಲಾಠಿ ಕೊಟ್ಟು ಹೋಗುವುದು ಅವರವರೇ ಮಾಡಿಕೊಂಡ ಪದ್ಧತಿ. ಒಬ್ಬಳ ಕೈಯಲ್ಲಿ ಎರಡು ಲಾಠಿ ಕಂಡರೆ ಅರ್ಥ ಒಂದೇ: ಇನ್ನೊಬ್ಬಳು ಹೋಗಿದ್ದಾಳೆ, ಅವಳ ಜಾಗಕ್ಕೂ ನಾನೇ ಹೊಣೆ. ಇದನ್ನು ಯಾವ ತರಬೇತಿ ಶಾಲೆಯೂ ಕಲಿಸಿರಲಿಲ್ಲ. ಮಂಡ್ಯದಿಂದ ಮಳವಳ್ಳಿಯವರೆಗೆ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತಿತ್ತು.

ನನಗೆ ಅದು ಹಿಡಿಸುತ್ತಿರಲಿಲ್ಲ. ಸಂತೆಯಲ್ಲಿ ಚೀಲ ಕಾಯುವವರ ಹಾಗೆ ಕಾಣುತ್ತಿತ್ತು. ಅವರು ನನ್ನನ್ನು ‘ಅಕ್ಕ’ ಎನ್ನುವುದೂ ಹಿಡಿಸುತ್ತಿರಲಿಲ್ಲ. ‘ಇದು ಠಾಣೆ, ತವರುಮನೆಯಲ್ಲ. ಮೇಡಂ ಅನ್ನಿ’ ಎಂದು ಎಷ್ಟು ಸಲ ಗದರಿದರೂ ಮರುಗಳಿಗೆಯೇ ಅಕ್ಕ.

ಆ ದಿನ ಮದ್ದೂರಿನಿಂದ ಭಾರತೀನಗರಕ್ಕೆ ಹೋಗುವ ರಸ್ತೆಯಲ್ಲಿ ಸಚಿವರೊಬ್ಬರ ಕಾರು ಬರುವುದಿತ್ತು. ಕಬ್ಬು ಬೆಳೆಗಾರರು ರಸ್ತೆಯ ಎರಡೂ ಬದಿ ನಿಂತಿದ್ದರು. ಹೆಂಗಸರು ನಿಂತ ಬದಿಗೆ ನಾವು ಹತ್ತು ಜನ. ಮುಖ್ಯ ಪೇದೆಯಾಗಿ ನಾನು ಮೇಲ್ವಿಚಾರಣೆಗೆ. ಬೆಳಗ್ಗೆ ಆರಕ್ಕೆ ನಿಂತವರು, ಹನ್ನೊಂದಾದರೂ ಕಾರಿನ ಸುಳಿವಿಲ್ಲ. ನನ್ನ ಪಕ್ಕದ ಜಾಗ ಸೌಭಾಗ್ಯಳದು. ಕೊತ್ತತ್ತಿಯವಳು, ಇಪ್ಪತ್ತು ವರ್ಷ ಸರ್ವೀಸಾಗಿತ್ತು, ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು:

“ಅಕ್ಕ, ವಸಿ ಇಡ್ಕಳಿ. ಮುಟ್ಟಾಗಿದೀನಿ, ಬಟ್ಟೆ ಬದ್ಲಾಯಿಸ್ಬೇಕು. ಆ ಮನೆ ಅಜ್ಜಿ ಬಾ ಅಂತಾ ಅದೆ. ಐದ್ ನಿಮ್ಸ, ಬಂದ್ಬುಡ್ತೀನಿ.”

“ಹೋಗು, ಬೇಗ ಬಾ” ಎಂದೆ. ಲಾಠಿ ತೆಗೆದುಕೊಂಡೆ. ಎರಡು ಜಾಗಕ್ಕೆ ನಾನು ಹೊಣೆಯಾದೆ.

ಇನ್ನು ಮುಂದಿನದು. ಇಪ್ಪತ್ತು ಹೆಜ್ಜೆ ಆಚೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಟೋಪಿಯ ಕೆಳಗೆ ಮಲ್ಲಿಗೆ ಕಂಡಿತು. ಒಂದು ಗೇಣೂ ಇಲ್ಲದ ಹೂವು. ನನಗೆ ತಡೆಯಲಾಗಲಿಲ್ಲ — ಸಚಿವರು ಬರುವ ರಸ್ತೆಯಲ್ಲಿ, ಸಮವಸ್ತ್ರದ ಮೇಲೆ, ಹೂವು. ಎರಡು ಲಾಠಿ ಹಿಡಿದುಕೊಂಡೇ ಅವಳ ಹತ್ತಿರ ನಡೆದೆ. “ಮದುವೆ ಮನೆಗೆ ಬಂದಿದ್ದೀಯಾ?” ಎಂದೆ. ಹೂವು ಕೀಳಿಸಿದೆ. ಅಷ್ಟಕ್ಕೆ ಬಿಡದೆ ಬೆಲ್ಟನ್ನೂ ತಿರುಗಿಸಿ ಕಟ್ಟಿಸಿದೆ. ಹಿಂದೆ ಕೂಗು ಎದ್ದಾಗ ತಿರುಗಿ ನೋಡಿದೆ. ನಾವಿಬ್ಬರೂ ಇಲ್ಲದ ಜಾಗದಿಂದ ಹದಿನೈದು ಇಪ್ಪತ್ತು ಹೆಂಗಸರು ನುಗ್ಗಿ, ಕಬ್ಬಿನ ಜಲ್ಲೆ ಹಿಡಿದು ರಸ್ತೆಯ ನಡುವೆ ಕೂತಿದ್ದರು. ಕಾರು ನಿಂತಿತ್ತು.

ಯಾರಿಗೂ ಏಟಾಗಲಿಲ್ಲ. ಸಚಿವರು ಇಳಿದು, ಮನವಿ ತೆಗೆದುಕೊಂಡು, ಮುಖ ಸಿಂಡರಿಸಿಕೊಂಡು ಹೋದರು. ಆದರೆ ಇನ್ಸ್‌ಪೆಕ್ಟರು ನಮ್ಮ ಕಡೆ ಬರುವಷ್ಟರಲ್ಲಿ ನಾನು ನನ್ನ ಜಾಗಕ್ಕೆ ಓಡಿ ಬಂದಿದ್ದೆ. ಬಂದು ಸೌಭಾಗ್ಯಳ ಲಾಠಿಯನ್ನು ರಸ್ತೆ ಬದಿಯ ಮೈಲಿಗಲ್ಲಿಗೆ ಒರಗಿಸಿಟ್ಟೆ. ಬಿಸಾಡಿ ಹೋದಂತೆ ಕಾಣುವ ಹಾಗೆ, ಸ್ವಲ್ಪ ಓರೆಯಾಗಿ. ಅಲ್ಲೂ ಅಚ್ಚುಕಟ್ಟು.

“ಇದ್ಯಾರ್ದು ಲಾಠಿ?” ಎಂದು ಅವರು ಕೇಳಿದರು.

“ಸೌಭಾಗ್ಯ ಅವರದು ಸರ್. ನನಗೆ ಹೇಳದೆ ಹೋಗಿದ್ದಾರೆ.”

ನನ್ನ ಬಡ್ತಿಯ ಕಡತ ಆಗ ಮೇಲಕ್ಕೆ ಹೋಗಿತ್ತು. ಇದನ್ನು ಕಾರಣವೆಂದು ಹೇಳುತ್ತಿಲ್ಲ. ಎಷ್ಟು ಸಣ್ಣದಕ್ಕೆ ಆ ಮಾತಾಡಿದೆ ಎಂದು ತಿಳಿಯಲಿ ಅಂತ.

ವಿಚಾರಣೆಯ ಕೋಣೆಯಲ್ಲಿ ಮೂವರು ಗಂಡಸರು ಕೂತಿದ್ದರು. ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಗೆ ಸೌಭಾಗ್ಯ ಉತ್ತರಿಸಲಿಲ್ಲ. “ಅಕ್ಕನ ಕೈಗೆ ಲಾಠಿ ಕೊಟ್ಟು ಹೋಗಿದ್ದೆ” ಎಂದಷ್ಟೇ ಎರಡು ಸಲ ಹೇಳಿದಳು. ನನ್ನನ್ನು ಕೇಳಿದರು. ಇಲ್ಲ ಎಂದೆ. ಕರ್ತವ್ಯಲೋಪ ಎಂದು ಅವಳ ಕಡತದಲ್ಲಿ ಬರೆದರು, ಬಡ್ತಿ ತಡೆದರು, ಮಳವಳ್ಳಿ ಕಡೆಗೆ ಹಾಕಿದರು. ಅವಳ ನಂತರ ಸೇರಿದವರು ಅವಳಿಗೆ ಮೇಲಧಿಕಾರಿಗಳಾದರು. ಯಾರಾದರೂ ದೊಡ್ಡವರು ಬರುವ ದಿನ ಗಂಡಸರಿಗೆ ಅದೊಂದು ತಮಾಷೆ: “ಮೊದ್ಲು ಸೌಭಾಗ್ಯಮ್ಮನ್ನ ಕಂಬುಕ್ ಕಟ್ಟಾಕ್ರಪ್ಪ, ಆಮೇಲ್ ಕಾರ್ ಬುಡಿ.” ನನ್ನೆದುರಿಗೇ ಅಂದದ್ದುಂಟು. ನಾನು ರಿಜಿಸ್ಟರ್ ತಿರುವುತ್ತಿದ್ದೆ.

ಎರಡು ಲಾಠಿ ಹಿಡಿದು ನಿಂತ ನನ್ನನ್ನು ಉಳಿದ ಎಂಟು ಜನರೂ ನೋಡಿದ್ದರು. ಯಾರೂ ಬಾಯಿ ಬಿಡಲಿಲ್ಲ. ಡ್ಯೂಟಿ ಪಟ್ಟಿ ಬರೆಯುವವಳು ನಾನು. ಹಬ್ಬದ ರಜೆ, ಬಾಣಂತನ ಮುಗಿಸಿ ಬಂದವರ ಪಾಳಿ, ಎಲ್ಲವೂ ನನ್ನ ಪೆನ್ನಿನ ತುದಿಯಲ್ಲಿ. ಹೆದರುಪುಕ್ಕಲಿಯರು ಎಂದು ಅವರನ್ನು ಒಳಗೊಳಗೇ ಹಳಿದೆ. ನನ್ನ ಸುಳ್ಳಿಗೆ ಅವರ ಹೆದರಿಕೆಯನ್ನು ಕಾವಲಿಗಿಟ್ಟು, ಅದಕ್ಕೂ ಅವರನ್ನೇ ಹಳಿದೆ.

ವಿಚಾರಣೆಯ ಮಾರನೆಯ ಬೆಳಗಿನ ಹಾಜರಿಯಿಂದ ಎಲ್ಲರೂ ನನ್ನನ್ನು ‘ಮೇಡಂ’ ಎಂದರು. ಯಾರೂ ಹೇಳಿಕೊಟ್ಟಿರಲಿಲ್ಲ. ಒಬ್ಬಳೂ ತಪ್ಪಲಿಲ್ಲ. ನಿವೃತ್ತಿಯವರೆಗೆ ಯಾವ ಬಂದೋಬಸ್ತಿನಲ್ಲೂ ಒಬ್ಬಳೂ ತನ್ನ ಲಾಠಿಯನ್ನು ನನ್ನ ಕೈಗೆ ಕೊಡಲಿಲ್ಲ. ನನ್ನದನ್ನು ಹಿಡಿದುಕೊಳ್ಳಿ ಎಂದು ಕೇಳುವ ಮುಖ ನನಗೂ ಇರಲಿಲ್ಲ. ನಾನು ಪಕ್ಕದಲ್ಲಿದ್ದರೂ ಮೂರು ಜಾಗ ದಾಟಿ ಹೋಗಿ ಇನ್ನೊಬ್ಬಳಿಗೆ ಕೊಟ್ಟು ಬರುತ್ತಿದ್ದರು, ನಗುತ್ತ, “ಲೇ, ಇಡ್ಕಳೇ” ಎನ್ನುತ್ತ. ನಾನು ನೀರು ಮುಟ್ಟದೆ, ಒಣ ಬಾಯಲ್ಲಿ ನೆಟ್ಟಗೆ ನಿಂತಿರುತ್ತಿದ್ದೆ. ಅದನ್ನೇ ಜನ ಶಿಸ್ತು ಎಂದರು. ಬೀಳ್ಕೊಡುಗೆಯ ದಿನ ಅದಕ್ಕೇ ಶಾಲು ಹೊದಿಸಿದರು.

ಸೌಭಾಗ್ಯ ಮುಂದಿನ ತಿಂಗಳ ಕೊನೆಗೆ ನಿವೃತ್ತಳಾಗುತ್ತಾಳೆ. ಆ ಕಳಂಕ ಹೊತ್ತೇ ಮನೆಗೆ ಹೋಗುತ್ತಾಳೆ ಎಂದು ತಿಳಿದು ಹೋದ ವಾರ ಮಳವಳ್ಳಿಗೆ ಹೋದೆ. ಕ್ವಾರ್ಟರ್ಸಿನ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. “ಬನ್ನಿ ಮೇಡಂ, ಕೂತ್ಕಳಿ” ಎಂದಳು. ಎಲ್ಲವನ್ನೂ ಹೇಳಿದೆ, ಹೂವಿನ ವಿಷಯವನ್ನೂ. ಅವಳ ಕೈ ನಿಂತಿತು.

“ಊವಿಗಾ?” ಎಂದಳು. “ಇಷ್ಟ್ ವರ್ಸ ನಾನು ಯಾರೋ ಸಾಯೇಬ್ರು ಕರುದ್ರೇನೋ, ಅದ್ಕೆ ಆ ಕಡೆ ಓದ್ರೇನೋ ಅಂತಿದ್ದೆ ಕಣಮ್ಮ.”

ನಾನು ಅವಳನ್ನು ಮುಳುಗಿಸಿದ್ದೆ. ಅವಳು ನನಗೆ ಒಂದು ಮರ್ಯಾದೆಯ ಕಾರಣ ಹುಡುಕಿಕೊಟ್ಟು ಇಷ್ಟು ವರ್ಷ ಕಾಪಾಡಿದ್ದಳು. ತಪ್ಪಾಯಿತು ಎಂದೆ.

“ಸರಿ. ಅದ್ನ ನಂಗ್ಯಾಕ್ ಯೋಳ್ತೀರಿ? ಲಾಠಿ ಕೊಟ್ಟೋಳು ನಾನು, ನಂಗೊತ್ತಿಲ್ವಾ? ಗೊತ್ತಿಲ್ದೋರ್ಗೆ ಯೋಳಿ.” ಮತ್ತೆ ಅವರೆಕಾಯಿಗೆ ಕೈ ಹಾಕಿದಳು. “ಮಂಡ್ಯದ ಬಸ್ಸು ನಾಕೂವರ್ಗದೆ.”

ಅದಕ್ಕೇ ಇದನ್ನು ಬರೆದಿದ್ದೇನೆ. ನೀವು ಕೇಳಿದ ಹೆಮ್ಮೆ ಮತ್ತು ಒಡನಾಟ ಆ ಹೆಣ್ಣುಮಕ್ಕಳಲ್ಲಿತ್ತು; ನಾನು ಅದರ ಹೊರಗೆ ನಿಂತು ಇಸ್ತ್ರಿ ನೋಡುತ್ತಿದ್ದೆ. ಸೋಮವಾರ ಇದೇ ಮಾತುಗಳನ್ನು ಹೇಳಿಕೆಯಾಗಿ ಬರೆದು, ಸಹಿ ಹಾಕಿ, ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಅವಳ ಕಡತವನ್ನು ತಿದ್ದುತ್ತಾರೋ ಇಲ್ಲವೋ ತಿಳಿಯದು. ನನ್ನ ಮೇಲೆ ಕ್ರಮ ಜರುಗಿಸುವುದಾದರೆ ಜರುಗಿಸಲಿ.

ಸಂಚಿಕೆಯಲ್ಲಿ ಇದನ್ನು ಒಂದು ಸಾಲೂ ಕತ್ತರಿಸದೆ, ನನ್ನ ಹೆಸರಿನಲ್ಲೇ ಹಾಕಿ. ‘ಶಿಸ್ತಿಗೆ ಹೆಸರಾದ’ ಎಂಬುದನ್ನು ತೆಗೆಯಿರಿ. ಸೌಭಾಗ್ಯಳ ಬೀಳ್ಕೊಡುಗೆಯಲ್ಲಿ ವೇದಿಕೆಯ ಮೇಲೆ ನನಗೆ ಕುರ್ಚಿ ಬೇಡ. ಮಾತನಾಡುವವರ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರು ಮೊದಲಿಗಿರಲಿ. ಆ ತಮಾಷೆ ಮಾಡಿದ ಗಂಡಸರೂ ಬಂದಿರುತ್ತಾರೆ. ಅವರೆಲ್ಲ ಕೇಳಿಸಿಕೊಂಡ ಮೇಲೆ ಅವಳಿಗೆ ಹಾರ ಹಾಕಿ.