ಚಾಂಪಿಯನ್ನನ ಮೈಬಣ್ಣ

ಖಾನಾಪುರದ ನಮ್ಮ ಪೇಂಟರ್ ಕಾಕಾ ಯಾರ ಮುಖ ಬರೆದರೂ ಅದಕ್ಕೆ ಗುಲಾಬಿ ಬಣ್ಣವೇ. ಕೇಳಿದರೆ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು, “ಸ್ವಲ್ಪ ಬೆಳಕ ಕೊಟ್ಟೇನ್ರಿ” ಎನ್ನುತ್ತಿದ್ದರು. ಅಂಗಡಿಯ ಬೋರ್ಡಿನ ಮೇಲೆ ತಮ್ಮ ಕಪ್ಪು ಮುಖಕ್ಕೂ ಧಾರಾಳವಾಗಿ ಬೆಳಕು ಕೊಟ್ಟುಕೊಂಡಿದ್ದರು.

ಜಿಮ್ಮಿನ ಗೋಡೆಯ ಮೇಲೆ ಟಿವಿ ಕುಸ್ತಿಯ ಕರಿಯ ಚಾಂಪಿಯನ್ನನನ್ನು ಬರೆದಾಗಲೂ ಅದೇ ಗುಲಾಬಿ. ಅಲ್ಲಿ ಕುಸ್ತಿ ಕಲಿಯುತ್ತಿದ್ದ ಸಿದ್ದಿ ಸಮುದಾಯದ ತರುಣಿ ನಿಂತು ನೋಡಿದಳು.

“ಕಾಕಾ, ಬೆಲ್ಟ್ ಗೆದ್ದಾಂವ ನನ್ನ ಬಣ್ಣದಾಂವ. ಇಂವ ಯಾರ್ರಿ?”

ಕಾಕಾ ಅವಳ ಮುಂಗೈ ಪಕ್ಕದಲ್ಲಿ ಡಬ್ಬಿ ಹಿಡಿದು, ಅವಳು ತಲೆಯಾಡಿಸುವ ತನಕ ಬಣ್ಣ ಕಲಸಿದರು.

ಮರುವಾರ ಬೋರ್ಡಿನ ಮೇಲಿನ ಅವರ ಮುಖವೂ ಕಪ್ಪಾಗಿತ್ತು. ಹೆಂಡತಿ ಕೆಳಗೆ ನಿಂತು ನೋಡಿ ಹೇಳಿದರು: “ಇಷ್ಟ ದಿನಾ ಅಲ್ಲಿ ಯಾರೋ ಕುಂತಿದ್ದ. ಈಗ ನೀವು ಬಂದ್ರಿ.”