ತಂತಿಗೆ ಬಿದ್ದ ಗಂಟು

ಶ್ರೀನಿವಾಸಪುರಕ್ಕೆ ಬಂದ ಮೊದಲ ವಾರದಲ್ಲೇ ನನ್ನ ತಂಗಿಯ ಕೈ ಗಾಳಿಯಲ್ಲಿ ನಿಂತುಬಿಟ್ಟಿತು. ಫೋನಿನ ಪರದೆಯ ಮೇಲೆ ಅವಳ ಬಲಗೈ ಕುತ್ತಿಗೆಯ ಹತ್ತಿರ ಬಂದಿತ್ತು, ಕಣ್ಣು ನನ್ನನ್ನೇ ನೋಡುತ್ತಿತ್ತು, ನಡುವೆ ಆ ಹಾಳು ಚಕ್ರ ಗಿರಗಿರ ತಿರುಗುತ್ತಿತ್ತು. ನಾನು ಹುಚ್ಚಿಯ ಹಾಗೆ “ಗಂಗಾ, ಗಂಗಾ” ಎಂದು ಕೂಗಿದೆ. ಕೂಗಿ ಏನು ಬಂತು? ಗಂಗಾಳಿಗೆ ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ.

ಸಿಂದಗಿ ಕಡೆಯ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಗಂಗಾ ಶಾಲೆಗೆ ಹೋದದ್ದು ಕಡಿಮೆ, ಅವಳಿಗೆ ಬರೆಯಲು ಬರುವುದು ತನ್ನ ಹೆಸರೊಂದೇ. ಉಳಿದದ್ದೆಲ್ಲ ಕೈಮಾತು. ಅದನ್ನು ನಾವಿಬ್ಬರು ಅಂಗಳದಲ್ಲಿ ಆಡುತ್ತ ಕಟ್ಟಿಕೊಂಡೆವು. ಮೂಗುತಿ ಮುಟ್ಟಿದರೆ ಅವ್ವ, ಮೀಸೆ ತಿರುವಿದರೆ ಅಣ್ಣ, ಎರಡೂ ಭುಜದ ಮೇಲೆ ಜಡೆ ಎಳೆದರೆ ನಾನು. ಅವ್ವ, ಅಣ್ಣನಿಗೆ ಊಟ ನೀರಿನ ಮಟ್ಟಿಗೆ ಅದು ತಿಳಿಯುತ್ತದೆ, ಪೂರ್ತಿ ತಿಳಿಯುವುದು ನನಗೊಬ್ಬಳಿಗೇ ಎಂದು ನನಗೆ ಹೆಮ್ಮೆ. ಅಂಥ ನಾನು ಟೀಚರ್ ಕೆಲಸಕ್ಕೆ ಆರ್ಡರ್ ಬಂದ ಕೂಡಲೇ ರಾಜ್ಯದ ಈ ತುದಿಗೆ ಬಸ್ಸು ಹತ್ತಿ ಬಂದುಬಿಟ್ಟೆ.

ಇಲ್ಲಿ ಎಲ್ಲವೂ ತಲೆಕೆಳಗು. ನಮ್ಮಲ್ಲಿ ಮಣ್ಣಿನ ಮಾಳಿಗೆ ಮನೆ, ಇಲ್ಲಿ ಗೋಡೆಗೂ ಕಲ್ಲುಚಪ್ಪಡಿ, ಸೂರಿಗೂ ಕಲ್ಲುಚಪ್ಪಡಿ. ನಮ್ಮಲ್ಲಿ ರೊಟ್ಟಿಯನ್ನು ಕಟಕಟ ಅಗಿದು ತಿಂದರೆ ಊಟ, ಇಲ್ಲಿ ರಾಗಿಮುದ್ದೆಯನ್ನು ಅಗಿದರೆ ನಗುತ್ತಾರೆ, ನುಂಗಬೇಕು. ಅದನ್ನು ಕಲಿತ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತರಗತಿಯಲ್ಲಿ ಮಕ್ಕಳು ನನಗೆ ಕನ್ನಡದಲ್ಲಿ ಉತ್ತರ ಹೇಳಿ ತಮ್ಮತಮ್ಮೊಳಗೆ ತೆಲುಗಿಗೆ ಜಾರಿಕೊಳ್ಳುತ್ತಾರೆ. ನನ್ನ ‘ಹೌದಲ್ರೀ’ ಅವರಿಗೆ ನಾಟಕ ನೋಡಿದಷ್ಟು ಖುಷಿ. ಸುತ್ತಲೂ ಇಷ್ಟು ಮಾತು ಇದ್ದೂ ಸಂಜೆಯಾದರೆ ನನಗೆ ಮಾತಿಲ್ಲ.

ನನಗೆ ಮಹಡಿಯ ಮನೆ ಬಾಡಿಗೆಗೆ ಕೊಟ್ಟವರು ಶಮೀಮ್ ಖಾಲಾ. ಖಾಲಾ ಎಂದರೆ ಇವರ ದಖನಿ ಉರ್ದುವಿನಲ್ಲಿ ಚಿಕ್ಕಮ್ಮ. ಅವರ ಯಜಮಾನರಿಗೆ ಎದುರುಗಡೆಯೇ ಮಾವಿನ ಮಂಡಿ ಇದೆ. ನೆಟ್ಟು ಅವರದ್ದು, ಅದರಲ್ಲಿ ನನಗೂ ಪಾಲು. ಮೊಬೈಲ್ ನೆಟ್ಟು ಕಲ್ಲಿನ ಮನೆಯೊಳಗೆ ಬರುವುದೇ ಇಲ್ಲ. ತಾರಸಿಗೆ ಹೋದರೆ ಮಾವಿನ ಸೀಸನ್ನು, ಊರ ತುಂಬ ವ್ಯಾಪಾರಿಗಳು ದೂರದ ಸಾಹುಕಾರರಿಗೆ ವಿಡಿಯೋದಲ್ಲಿ ಹಣ್ಣು ತೋರಿಸುತ್ತಿರುತ್ತಾರೆ. ಟವರು ಪಾಪ ಎಷ್ಟು ಜನರನ್ನು ಹೊತ್ತೀತು?

ಕರೆ ನಿಂತುಹೋದ ಆ ಸಂಜೆ ಗಂಗಾಳ ಕೈ ಕುತ್ತಿಗೆಗೆ ಹೋಗಿದ್ದು ತಾಳಿಗೆ, ಅಂದರೆ ಮದುವೆಗೆ. ನಮ್ಮ ಪಕ್ಕದ ಇಂಡಿ ತಾಲೂಕಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಮುಂದೇನು ಹೇಳಿದಳೋ, ಚಕ್ರ ನುಂಗಿತು. ಅಣ್ಣನಿಗೆ ಮಾಮೂಲಿ ಕರೆ ಮಾಡಿದೆ.

“ಗಂಗಾ ಹೂಂ ಅಂದಾಳ, ನೀ ಯಾಕ ಸುಮ್ನ ತಲಿ ಕೆಡಿಸ್ಕೋತಿ?” ಎಂದ.

“ನನ್ನ ಮುಂದ ಹೇಳಲಿ.”

“ಹೇಳಾಕತ್ತಿದ್ಲಲ್ಲ, ನಿನ್ನ ನೆಟ್ಟೇ ಸರಿ ಇಲ್ಲ.”

ಫೋನು ಅಣ್ಣನದು, ಹಾಗಾಗಿ ಗಂಗಾ ತಾನೇ ವಿಡಿಯೋ ಮಾಡಿ ಕಳಿಸುವ ಮಾತಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದವಳು, ಶಾಲೆ ಆಗಷ್ಟೇ ತೆರೆದಿತ್ತು, ರಜೆ ಕೇಳಲು ಬಾಯಿ ಬರಲಿಲ್ಲ. ಹೇಗಾದರೂ ಈ ನೆಟ್ಟನ್ನು ಸರಿಮಾಡಿಸಲೇಬೇಕೆಂದು ಹಟ ಹಿಡಿದೆ.

ಮೊದಲು ವೈಫೈ ಡಬ್ಬಿ ಎಲ್ಲಿದೆ ಎಂದು ಹುಡುಕಿದೆ. ಖಾಲಾ ಅದನ್ನು ಕಬ್ಬಿಣದ ಬೀರುವಿನೊಳಗೆ ಸೀರೆಗಳ ಮಧ್ಯೆ ಮಲಗಿಸಿದ್ದರು! “ಧೂಳು ನೋಡಮ್ಮ ಎಷ್ಟು ಬರ್ತದೆ ಮಂಡಿಯಿಂದ. ಬೆಲೆ ಬಾಳೋ ಸಾಮಾನು, ಹೊರಗಿಡ್ತಾರಾ?” ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಬ್ಬಿಣ ದಾಟಿ ನೆಟ್ಟು ಬರುವುದಿಲ್ಲ ಖಾಲಾ ಎಂದು ಗೋಗರೆದು, ಡಬ್ಬಿಯನ್ನು ಮೆಟ್ಟಿಲ ಮೇಲಿನ ಗೂಡಿಗೆ ತಂದಿಟ್ಟೆ. ಹಾಡು, ಸಿನಿಮಾ ಸ್ವಲ್ಪ ಓಡತೊಡಗಿದವು. ಗಂಗಾ ಮಾತ್ರ ತುಂಡುತುಂಡಾಗಿಯೇ ಬಂದಳು. ಎರಡು ಸನ್ನೆ ಬಂದರೆ ಮೂರನೆಯದು ಇಲ್ಲ.

ಕೇಬಲ್‌ನವನನ್ನು ಕರೆಸಿದೆ. ಅವನು ಬೀದಿಯಲ್ಲಿ ತಲೆ ಎತ್ತಿ ನೋಡಿದವನೇ ಮಂಡಿಯ ಕಡೆ ತಿರುಗಿ ಬೈಯತೊಡಗಿದ. ಕ್ರೇಟು ಪೇರಿಸಿದ ಲಾರಿಗೆ ತಂತಿ ಅಡ್ಡ ಬರುತ್ತದೆಂದು ಹಮಾಲರು ಜೋತುಬಿದ್ದದ್ದನ್ನು ಎತ್ತಿ, ಹಗ್ಗಕ್ಕೆ ಹಾಕುವ ಹಾಗೆ ಗಂಟು ಹಾಕಿ ಮೋಟು ಮಾಡಿದ್ದರು.

“ಇದೇನ್ ಎಮ್ಮೆ ಕಟ್ಟೋ ಹಗ್ಗವೇನ್ಲಾ? ಒಳಗಿರೋದು ಗಾಜಿನ ಎಳೆ ಕಣ್ರೋ! ಮಡಿಸಿದ್ರೆ ಬೆಳಕು ಅಲ್ಲೇ ಸೋರೋಗ್ತದೆ.”

“ಲಾರಿ ಹೆಂಗೋಗ್ಬೇಕು? ನಿನ್ನ ತಲೆ ಮೇಲಾ?” ಎಂದು ಅಲ್ಲಿಂದ ಉತ್ತರ ಬಂತು.

ಗಂಟು ಬಿಚ್ಚಿದರೆ ಲಾರಿ ನಿಲ್ಲುತ್ತದೆ, ಬಿಚ್ಚದಿದ್ದರೆ ನನ್ನ ತಂಗಿ ನಿಲ್ಲುತ್ತಾಳೆ. ಎತ್ತರದ ಕಂಬ ಹಾಕುವುದು ಸೀಸನ್ನು ಮುಗಿದ ಮೇಲೆ ಎಂದು ಕೇಬಲ್‌ನವನು ಹೊರಟ. ನಾನು ಖಾಲಾ ಮುಂದೆ ಕೂತು ಎಲ್ಲ ಹೇಳಿದೆ, ಅತ್ತೂಬಿಟ್ಟೆ. ಅವರು, “ಶುಕ್ರವಾರ ನಮಾಜಿಗೆ ಎಲ್ಲಾ ಹೋಗ್ತಾರೆ, ಆವಾಗ ಲೋಡಿಂಗ್ ಇರಲ್ಲ. ಅಷ್ಟೊತ್ತು ಬಿಚ್ಚಿಸ್ತೀನಿ, ನೀನು ಮಾತಾಡ್ಕೋ ಬೇಟಾ” ಎಂದರು.

ಶುಕ್ರವಾರ ಊಟದ ಬಿಡುವಿನಲ್ಲಿ ಓಡಿಬಂದೆ. ಲಾರಿಗಳು ಸಾಲಾಗಿ ನಿಂತಿದ್ದವು. ತಂತಿ ಬೀದಿಯ ಮೇಲೆ ಸಡಿಲವಾಗಿ ಜೋತಾಡುತ್ತಿತ್ತು. ಅಣ್ಣ ಫೋನು ಮನೆಯಲ್ಲಿ ಬಿಟ್ಟು ಹೊಲಕ್ಕೆ ಹೋಗಿದ್ದ. ಅವ್ವ ಅದನ್ನು ಹಿಡಿದುಕೊಂಡಳು. ಗಂಗಾ ಬಂದಳು, ಪೂರ್ತಿ ಬಂದಳು. ಅವಳ ಬಳೆಯ ಬಣ್ಣವೂ ಕಾಣಿಸಿತು.

ಕುತ್ತಿಗೆಗೆ ಕೈ ಇಟ್ಟು ಕೇಳಿದೆ, ಮದುವೆ, ನಿನಗೆ ಇಷ್ಟವೇ?

ಅವಳು ಎರಡೂ ಕೈಯನ್ನು ನೀರು ಕೊಡವುವ ಹಾಗೆ ಕೊಡವಿದಳು. ಬೇಡ. ಮತ್ತೆ ಕೊಡವಿದಳು, ಬೇಡವೇ ಬೇಡ.

ಹಾಗಾದರೆ ಅಣ್ಣನಿಗೆ ಯಾಕೆ ಹೇಳಲಿಲ್ಲ ಎಂದೆ. ಅವಳು ಮತ್ತೊಮ್ಮೆ ಕೈ ಕೊಡವಿ, ಮೀಸೆ ತಿರುವಿದಳು, ಮೂಗು ಮುಟ್ಟಿದಳು, ಆಮೇಲೆ ಎರಡು ಬೆರಳಿಂದ ತನ್ನ ಕಣ್ಣು ತೋರಿಸಿದಳು. ಅಂದರೆ, ಬೇಡ ಎಂದು ಹೇಳಿದೆ. ಅಣ್ಣ ನೋಡಿದ. ಅವ್ವ ನೋಡಿದಳು.

ಅಷ್ಟು ದಿನ ನಾನು ಬೀರು, ಕಲ್ಲು, ಲಾರಿ ಎಂದು ಶಾಪ ಹಾಕಿದ್ದೇ ಹಾಕಿದ್ದು. ಅವಳ ಎದುರಿಗೇ ಕೂತು ಉಂಡವರಿಗೆ ಯಾವ ತಂತಿ ಅಡ್ಡವಿತ್ತು? “ಅವ್ವಾ, ನಿನಗ ಗೊತ್ತಿತ್ತಾ?” ಎಂದೆ. ಗಂಗಾ ಪರದೆಯಿಂದ ಮಾಯವಾದಳು. ನೆಟ್ಟು ಚೆನ್ನಾಗಿಯೇ ಇತ್ತು, ಅವ್ವ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಿದ್ದಳು.

“ಮುಂದ ಆಕಿನ್ನ ಯಾರ್ ನೋಡ್ಕೋತಾರವ್ವ? ನೀ ಅಂತೂ ಹೋದಿ” ಎಂದಳು. ಅವಳ ಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಪಾಪವೂ ಅನ್ನಿಸಿತು.

ಗಂಗಾಳಿಗೆ ಇದ್ಯಾವುದೂ ಕೇಳಿಸಲಿಲ್ಲ. ಅವ್ವ ಫೋನು ತಿರುಗಿಸಿದ ಕೂಡಲೇ ಅವಳು ಎರಡೂ ಕೈಯಲ್ಲಿ ಹಣ್ಣು ಹಿಸುಕಿ ಚೀಪುವ ಹಾಗೆ ಮಾಡಿದಳು. ನಾನಿರುವ ಊರಿಗೆ ಅವಳೇ ಇಟ್ಟ ಹೆಸರು. ಆಮೇಲೆ ತಲೆಯ ಮೇಲೆ ಅಂಗೈ ಜೋಡಿಸಿ ಸೂರು ಮಾಡಿ, ತನ್ನನ್ನು ತೋರಿಸಿ, ಹುಬ್ಬು ಏರಿಸಿದಳು, ನಾನೂ ಅಲ್ಲಿಗೆ ಬರಲೇ? ನಾನು ಹೂಂ ಎಂದು ತಲೆಯಾಡಿಸಿದೆ.

ನಮಾಜು ಮುಗಿದ ಕೂಡಲೇ ಗಂಟು ಮತ್ತೆ ಬಿತ್ತು. ಬೀಳಲಿ, ಹಮಾಲರೂ ಹೊಟ್ಟೆ ಹೊರೆಯಬೇಕು. ನಾನು ರಜೆ ಕೇಳಿದೆ, ಬೈಸಿಕೊಂಡೇ ಪಡೆದೆ. ಗಂಗಾಳನ್ನು ಕರೆತರುತ್ತೇನೆಂದಾಗ ಅಣ್ಣ ಫೋನು ಕಟ್ ಮಾಡಿದ. ಇಲ್ಲಿಗೆ ಬಂದರೆ ತೆಲುಗು, ದಖನಿ, ಕನ್ನಡ ಯಾವುದೂ ಕೇಳಿಸದ ಅವಳು ನನ್ನಷ್ಟೂ ಪರದೇಶಿಯಾಗಲಾರಳು ಎಂದು ಧೈರ್ಯ ಹೇಳಿಕೊಳ್ಳುತ್ತೇನೆ. ಅಲ್ಲಿ ಅವ್ವನ ಜೊತೆ ಉಣ್ಣುವವರಲ್ಲಿ ಒಬ್ಬಳು ಕಡಿಮೆಯಾಗುತ್ತಾಳೆ ಎಂಬುದಕ್ಕೆ ಮಾತ್ರ ಧೈರ್ಯ ಸಿಕ್ಕಿಲ್ಲ.

ಹೊರಡುವಾಗ ಖಾಲಾ ಚೀಲದ ತುಂಬ ಮಾವಿನಹಣ್ಣು ಕೊಟ್ಟರು. “ಊರಿಗೆ ಹೋಗಿ ಬೇಗ ಮನೆಗೆ ಬಂದ್ಬಿಡಿ ಇಬ್ಬರೂ” ಎಂದರು. ಊರು ಅಲ್ಲಿ, ಮನೆ ಇಲ್ಲಿ. ಇಲ್ಲ ಖಾಲಾ, ನನ್ನ ಮನೆಯೂ ಅಲ್ಲೇ ಎಂದು ಹೇಳಲು ಬಾಯಿ ತೆರೆದೆ. ಅವ್ವ ಆ ಕೊಡವಿದ ಕೈಗಳನ್ನು ನೋಡಿಯೂ ಸುಮ್ಮನಿದ್ದದ್ದು ನೆನಪಾಯಿತು. ಬರ್ತೀವಿ ಎಂದೆ.